ಟೇಕಲ್‌ನಿಂದ ವೈಟ್‌ಫೀಲ್ಡ್‌ವರೆಗೆ ಬರೆದ ಪುಸ್ತಕ

ನಮ್ಮ ತಾಲ್ಲೂಕಿನ ಕೆರೆಗಳ ಬಗ್ಗೆ ನಾನು ಬರೆದ ಪುಸ್ತಕದ ಮುಕ್ಕಾಲು ಪಾಲು ಬಂಗಾರಪೇಟೆಯಿಂದ ಬೆಂಗಳೂರಿಗೆ ಹೋಗುವ ಬೆಳಗಿನ ರೈಲಿನಲ್ಲಿ, ಮಹಿಳೆಯರ ಬೋಗಿಯಲ್ಲಿ ಕುಳಿತು, ಮೊಬೈಲಿನಲ್ಲಿ ಬರೆದದ್ದು. ಇದನ್ನು ಹೇಳಿದರೆ ಕೆಲವರು ಸಾಹಸವೆಂಬಂತೆ ಮೆಚ್ಚಿಕೊಳ್ಳುತ್ತಾರೆ. ಇನ್ನು ಕೆಲವರ ಮುಖದಲ್ಲಿ, ಹಾಗಾದರೆ ಪುಸ್ತಕ ಹೇಗಿರಬಹುದೋ ಎಂಬ ಅನುಮಾನ ಕಾಣುತ್ತದೆ. ನನಗೆ ಬೇರೆ ಹೊತ್ತು ಇರಲಿಲ್ಲ, ಅಷ್ಟೆ. ಆದರೆ ಆ ಚೂರು ಹೊತ್ತಿನಲ್ಲಿ ಯಾವ ಬರವಣಿಗೆ ಆಗುತ್ತದೆ, ಯಾವುದು ಸುತರಾಂ ಆಗುವುದಿಲ್ಲ ಎಂಬುದು ಬರೆಯುತ್ತಾ ಬರೆಯುತ್ತಾ ಮಾತ್ರ ತಿಳಿಯಿತು. ಬರೆಯುವ ಆಸೆ ಇಟ್ಟುಕೊಂಡು, ದೊಡ್ಡ ರಜೆಯೊಂದು ಸಿಗಲಿ ಎಂದು ಕಾಯುತ್ತಿರುವ ಗೆಳತಿಯರು ಕೇಳುತ್ತಲೇ ಇರುವುದರಿಂದ ಒಮ್ಮೆ ಬರೆದಿಟ್ಟುಬಿಡುತ್ತೇನೆ.

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಪಾಲಾರ್ ಹೆಸರಿಗೆ ನದಿ. ಮಳೆ ಹಿಡಿದ ವರ್ಷ ಮಾತ್ರ ಅದು ನದಿಯೆಂದು ನೆನಪಾಗುತ್ತದೆ. ಇಲ್ಲಿ ಬದುಕು ನಿಂತದ್ದು ಕೆರೆಗಳ ಮೇಲೆ. ಅದೂ ಬಿಡಿ ಕೆರೆಗಳಲ್ಲ. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಆ ನೀರು ಕೆಳಗಿನ ಊರಿನ ಕೆರೆಗೆ, ಅಲ್ಲಿಂದ ಇನ್ನೊಂದಕ್ಕೆ. ಹೀಗೆ ಒಂದಕ್ಕೊಂದು ಜೋಡಿಸಿಕೊಂಡ ಸಾಲು ಸಾಲು ಕೆರೆಗಳು. ನಾನು ಹುಟ್ಟಿ ಬೆಳೆದ ಊರಿನ ಕೆರೆಯ ಅಂಗಳದಲ್ಲಿ ನೀಲಗಿರಿ ಬಂದು, ಆಮೇಲೆ ಬಳ್ಳಾರಿ ಜಾಲಿ ಬಂದು, ಕೊನೆಗೆ ಅಂಚಿನಲ್ಲಿ ನಿವೇಶನದ ಕಲ್ಲುಗಳೂ ಬಂದವು. ಅದನ್ನು ನೋಡುತ್ತಾ ಟಿಪ್ಪಣಿ ಮಾಡಿಕೊಳ್ಳುವ ಅಭ್ಯಾಸ ಕಾಲೇಜಿನ ದಿನಗಳಿಂದಲೇ ಹತ್ತಿತ್ತು. ಕೆರೆಯ ನೀರು ಹೊರಬಿಡುವ ತೂಬಿನ ಪಕ್ಕದ ಶಾಸನದ ಕಲ್ಲುಗಳ ಫೋಟೊ, ಗದ್ದೆಗಳಿಗೆ ನೀರು ಹಂಚುವ ನೀರುಗಂಟಿಗಳು ಹೇಳಿದ ಮಾತು, ಕೆರೆಯ ನೀರು ಉಣ್ಣುವ ಅಚ್ಚುಕಟ್ಟಿನ ಗದ್ದೆಗಳ ಹೆಸರು, ಯಾವ ಕಾಲುವೆ ಎಲ್ಲಿ ಮುಚ್ಚಿಹೋಯಿತು ಎಂಬ ವಿವರ, ಎಲ್ಲ ಸೇರಿ ಎರಡು ಚೀಲ ತುಂಬಿದ್ದವು. ಬರೆದ ಪುಟ ಮಾತ್ರ ಒಂದೂ ಇರಲಿಲ್ಲ.

ರಜೆ ಹಾಕಿ ಬರೆಯುವುದನ್ನೂ ನೋಡಿ ಆಗಿತ್ತು. ದಸರಾ ರಜೆಯ ಜೊತೆಗೆ ನಾಲ್ಕು ದಿನ ಸೇರಿಸಿಕೊಂಡು ಮೇಜು ಒರೆಸಿ, ಚೀಲ ಬಿಚ್ಚಿ ಕುಳಿತರೆ ಮೊದಲ ದಿನ ಟಿಪ್ಪಣಿ ಓದುವುದರಲ್ಲೇ ಹೋಗುತ್ತಿತ್ತು. ಎರಡನೆಯ ದಿನ ಅತ್ತೆಯ ಕಡೆಯ ನೆಂಟರು. ಮೂರನೆಯ ದಿನ ಗೊಂಬೆ ಕೂರಿಸಿದ ಮನೆಗಳಿಂದ ಕರೆ. ಮನೆಯಲ್ಲಿರುವ ಹೆಂಗಸು ಬರೆಯುತ್ತಿದ್ದಾಳೆ ಎಂದರೆ ಖಾಲಿ ಕುಳಿತಿದ್ದಾಳೆ ಎಂದೇ ಲೆಕ್ಕ. ರಜೆ ಮುಗಿಯುವ ಹೊತ್ತಿಗೆ ಮುನ್ನುಡಿಯ ಎರಡು ಪ್ಯಾರಾ ಸಿದ್ಧವಾಗಿರುತ್ತಿತ್ತು, ಅದೂ ತೀರಾ ಗಂಭೀರವಾಗಿ, ಯಾರೋ ಪ್ರಾಧ್ಯಾಪಕರು ಬರೆದಂತೆ.

ರೈಲು ಬಗೆಹರಿಸಿದ್ದು ಈ ತೊಂದರೆಯನ್ನು. ಅಲ್ಲಿ ನಾನು ಯಾರ ಕಣ್ಣಿಗೂ ಖಾಲಿ ಕುಳಿತವಳಲ್ಲ, ಕೆಲಸಕ್ಕೆ ಹೊರಟವಳು. ಎದ್ದು ಹೋಗಿ ಮಾಡಬೇಕಾದ ಇನ್ನೊಂದು ಕೆಲಸವೂ ಅಲ್ಲಿಲ್ಲ. ಮಾರಿಕುಪ್ಪಂನಿಂದ ಹೊರಡುವ ರೈಲು ಬಂಗಾರಪೇಟೆಗೆ ಬರುವಾಗಲೇ ಕೆಜಿಎಫ್‌ನವರಿಂದ ತುಂಬಿರುತ್ತದೆ. ಆದರೂ ದಿನಾ ಹೋಗುವವರಿಗೆ ಯಾರು ಎಲ್ಲಿ ಸರಿದು ಜಾಗ ಕೊಡುತ್ತಾರೆ ಎಂಬುದು ಗೊತ್ತು. ಟೇಕಲ್‌ವರೆಗೆ ಮಾತು, ತಿಂಡಿ ಡಬ್ಬಿ, ನಿನ್ನೆಯ ಧಾರಾವಾಹಿ. ಅಲ್ಲಿಂದ ಮುಂದೆ ಅರ್ಧ ಬೋಗಿ ತೂಕಡಿಸುತ್ತದೆ. ಮಾಲೂರಿನಲ್ಲಿ ಒಂದು ಹಿಂಡು ಹತ್ತುತ್ತದೆ, ದೇವನಗೊಂದಿಯಲ್ಲಿ ಸ್ವಲ್ಪ, ವೈಟ್‌ಫೀಲ್ಡ್ ಬಂತೆಂದರೆ ಇಳಿಯುವವರ ನೂಕುನುಗ್ಗಲಿನಲ್ಲಿ ಫೋನು ಹಿಡಿಯುವುದಕ್ಕೂ ಆಗುವುದಿಲ್ಲ. ಹಾಗಾಗಿ ನನಗೆ ಸಿಕ್ಕಿದ್ದು ಟೇಕಲ್‌ನಿಂದ ವೈಟ್‌ಫೀಲ್ಡ್‌ವರೆಗಿನ ಹೊತ್ತು. ಹೆಚ್ಚೆಂದರೆ ಮುಕ್ಕಾಲು ಗಂಟೆ; ರೈಲು ಚುರುಕಾಗಿ ಓಡಿದ ದಿನ ಇನ್ನೂ ಕಡಿಮೆ. ಆ ಹೊತ್ತನ್ನು ನಾನು ಆರಿಸಿಕೊಳ್ಳಲಿಲ್ಲ, ರೈಲ್ವೆಯವರು ಗೊತ್ತುಮಾಡಿದರು. ಅದರಿಂದ ಒಳ್ಳೆಯದೇ ಆಯಿತು. ಯಾವಾಗ ಶುರು ಮಾಡಲಿ, ಇನ್ನೂ ಸ್ವಲ್ಪ ಬರೆಯಲೇ ಎಂಬ ಚೌಕಾಸಿಗೆ ಅಲ್ಲಿ ಎಡೆಯಿರಲಿಲ್ಲ.

ಸಂಜೆ ಬರುವಾಗ ಬರೆಯಲು ಆಗುತ್ತಿರಲಿಲ್ಲ. ದಿನವಿಡೀ ಬಿಲ್ಲು, ವೋಚರು ನೋಡಿದ ಕಣ್ಣಿಗೆ ಅಕ್ಷರ ಕಂಡರೆ ಸಾಕೆನಿಸುತ್ತಿತ್ತು. ಡಿಸೆಂಬರ್, ಜನವರಿಯಲ್ಲಿ ಅಂತೂ ಸಂಜೆಯ ಬೋಗಿ ಅಡುಗೆಮನೆಯೇ. ಅವರೆಕಾಯಿ ಬಿಡಿಸುವವರು, ಹಿತಕಿದ ಬೇಳೆ ಮಾಡುವವರು, ಸೊಪ್ಪು ಸೋಸುವವರು. ನಾನೂ ಬಿಡಿಸುತ್ತಿದ್ದೆ. ದಿನಕ್ಕೆ ಎರಡು ಸಲ ಬರೆದರೆ ಎರಡರಷ್ಟು ಆಗುತ್ತದೆ ಎಂಬ ಲೆಕ್ಕ ಕಾಗದದ ಮೇಲೆ ಮಾತ್ರ ಸರಿ.

ಆರಂಭದ ವಾರಗಳಲ್ಲಿ ಬರೆದದ್ದರಲ್ಲಿ ಉಳಿದದ್ದು ಕಡಿಮೆ. ಕಾರಣ ಹೊತ್ತಿನ ಕೊರತೆಯಲ್ಲ. ಟೇಕಲ್ ಬಿಟ್ಟ ಮೇಲೆ ಇವತ್ತು ಏನು ಬರೆಯಲಿ ಎಂದು ಯೋಚಿಸಲು ಕುಳಿತರೆ ಮಾಲೂರು ಬಂದಿರುತ್ತಿತ್ತು. ಉಳಿದ ಹೊತ್ತಿನಲ್ಲಿ ನಿನ್ನೆಯದನ್ನು ತಿದ್ದುತ್ತಿದ್ದೆ. ಅದನ್ನೇ ಮರುದಿನವೂ ತಿದ್ದುತ್ತಿದ್ದೆ. ಒಂದು ಪ್ಯಾರಾ ಫಳಫಳ ಹೊಳೆಯುತ್ತಿತ್ತು, ಎರಡನೆಯದು ಹುಟ್ಟಿರಲಿಲ್ಲ.

ಆಗ ಕಂಡುಕೊಂಡದ್ದು ಚೀಟಿಗಳನ್ನು. ಭಾನುವಾರ ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಟಿಪ್ಪಣಿ ಚೀಲ ತೆಗೆದು, ಮುಂದಿನ ವಾರಕ್ಕೆ ಬೇಕಾದಷ್ಟು ಪ್ರಶ್ನೆಗಳನ್ನು ಹಳೆಯ ಆಹ್ವಾನ ಪತ್ರಿಕೆಗಳ ಹಿಂಬದಿಯಲ್ಲಿ ಬರೆಯುತ್ತಿದ್ದೆ. ಅಧ್ಯಾಯದ ಹೆಸರು ಬರೆದರೆ ಪ್ರಯೋಜನವಿಲ್ಲ. ‘ಕೆರೆ ಮತ್ತು ಸಮಾಜ’ ಎಂದು ಬರೆದ ಚೀಟಿ ನೋಡಿದರೆ ನಿದ್ದೆ ಬರುತ್ತದೆ. ‘ತೂಬು ಎತ್ತುವ ಹಕ್ಕು ಯಾರದು? ಅವನು ಎತ್ತದಿದ್ದರೆ ಏನು ಮಾಡುತ್ತಿದ್ದರು?’ ಎಂದು ಬರೆದರೆ ಬೆರಳು ತಾನೇ ಓಡುತ್ತದೆ. ‘ಸುಗ್ಗಿಯಲ್ಲಿ ನೀರುಗಂಟಿಯ ಪಾಲನ್ನು ಅಳೆದು ಕೊಡುತ್ತಿದ್ದದ್ದು ಎಲ್ಲಿ, ಕಣದಲ್ಲೋ ಮನೆಯಲ್ಲೋ?’ ‘ಕೆರೆ ತುಂಬಿದ ವರ್ಷ ಗಂಗಮ್ಮನ ಪೂಜೆಗೆ ಕುರಿ ಯಾರ ಮನೆಯಿಂದ?’ ‘ಈ ಕೆರೆಯ ಕೋಡಿ ಊರಿನ ಕಡೆಗೇ ಏಕಿದೆ?’ ಒಂದು ಚೀಟಿಗೆ ಒಂದೇ ಪ್ರಶ್ನೆ, ಅದರ ಕೆಳಗೆ ಯಾವ ಟಿಪ್ಪಣಿ ಪುಸ್ತಕದ ಯಾವ ಪುಟ ಎಂಬುದು. ಆ ಪುಟಗಳ ಫೋಟೊ ತೆಗೆದು ಫೋನಿನಲ್ಲಿ ಹಾಕಿಕೊಳ್ಳುತ್ತಿದ್ದೆ, ಏಕೆಂದರೆ ದಾರಿಯಲ್ಲಿ ನೆಟ್‌ವರ್ಕ್ ನಂಬುವಂತಿಲ್ಲ.

ದಿನಕ್ಕೆ ಸ್ವಲ್ಪ ಬರೆಯಿರಿ ಎಂದು ಉಪದೇಶ ಮಾಡುವವರು ಈ ಭಾನುವಾರದ ಕೆಲಸವನ್ನು ಹೇಳುವುದೇ ಇಲ್ಲ. ಬೆಳಿಗ್ಗೆ ಒಲೆ ಹಚ್ಚಿದ ಕೂಡಲೇ ದೋಸೆ ಹುಯ್ಯಬೇಕಾದರೆ ಹಿಂದಿನ ರಾತ್ರಿಯೇ ಹಿಟ್ಟು ರುಬ್ಬಿರಬೇಕು. ರೈಲಿನಲ್ಲಿ ನಾನು ಮಾಡುತ್ತಿದ್ದದ್ದು ದೋಸೆ ಹುಯ್ಯುವುದನ್ನು ಮಾತ್ರ.

ಬರೆಯುವ ಕ್ರಮವೂ ತಾನೇ ಒಂದು ರೂಪಕ್ಕೆ ಬಂತು. ಬಂಗಾರಪೇಟೆಯಲ್ಲಿ ಕುಳಿತ ಮೇಲೆ ನಿನ್ನೆ ಬರೆದ ಕೊನೆಯ ನಾಲ್ಕೈದು ಸಾಲು ಮಾತ್ರ ಓದುವುದು. ಮೇಲಕ್ಕೆ ಹೋಗುವಂತಿಲ್ಲ, ತಿದ್ದುವಂತಿಲ್ಲ. ಟೇಕಲ್ ದಾಟಿದ ಮೇಲೆ ಬರೆಯುವುದು. ಹೆಸರು, ಇಸವಿ, ಅಳತೆ ನೆನಪಿಗೆ ಬಾರದಿದ್ದರೆ ಅಲ್ಲಿ ನಕ್ಷತ್ರದ ಗುರುತು ಹಾಕಿ ಮುಂದೆ ಹೋಗುವುದು. ದೇವನಗೊಂದಿ ಬಂದಾಗ ಮಾತು ಎಲ್ಲಿಗೆ ಬಂದಿದ್ದರೂ ನಿಲ್ಲಿಸಿ, ನಾಳೆ ಮೊದಲು ಏನು ಹೇಳಬೇಕು ಎಂಬುದನ್ನು ಒರಟಾಗಿ ಒಂದು ಸಾಲು ಬರೆದಿಡುವುದು. ಬಹಳ ಸಲ ವಾಕ್ಯವನ್ನೇ ಅರ್ಧಕ್ಕೆ ಬಿಡುತ್ತಿದ್ದೆ. ಕ್ರಿಯಾಪದ ಕೊನೆಗೆ ಬರುವ ನಮ್ಮ ಭಾಷೆಯಲ್ಲಿ ಅರ್ಧಕ್ಕೆ ನಿಂತ ವಾಕ್ಯ ಇಡೀ ದಿನ ತಲೆಯಲ್ಲಿ ಗುಂಯ್‌ಗುಟ್ಟುತ್ತದೆ. ಸಂಜೆ ಅವರೆಕಾಯಿ ಬಿಡಿಸುವಾಗ ಅದು ಪೂರ್ತಿಯಾಗುತ್ತಿತ್ತು, ಕೆಲವೊಮ್ಮೆ ಅದರ ಹಿಂದೆ ಇನ್ನೆರಡು ವಾಕ್ಯಗಳನ್ನೂ ಎಳೆದು ತರುತ್ತಿತ್ತು.

ಬಾಯಲ್ಲಿ ಹೇಳಿದರೆ ಫೋನೇ ಬರೆದುಕೊಳ್ಳುತ್ತದಲ್ಲ ಎಂದು ಮಗಳು ಸಲಹೆ ಕೊಟ್ಟಳು. ಬೋಗಿಯಲ್ಲಿ ಅದಾಗದು. ಒಮ್ಮೆ ಮೆಲ್ಲಗೆ ‘ಏರಿಯ ಒಳಮೈಗೆ ಕಲ್ಲು ಕಟ್ಟಣೆ’ ಎನ್ನುತ್ತಿದ್ದಾಗ ಎದುರಿಗಿದ್ದವರು ಮನೆ ಕಟ್ಟಿಸುತ್ತಿದ್ದೀರಾ ಎಂದು ಕೇಳಿ, ತಮ್ಮ ಮೇಸ್ತ್ರಿಯ ನಂಬರು ಕೊಡಲು ಬಂದರು. ಬೆರಳಲ್ಲಿ ಒತ್ತುವುದೇ ಸರಿಹೋಯಿತು. ಒತ್ತಕ್ಷರ ಹುಡುಕುವ ನಿಧಾನಕ್ಕೂ ಒಂದು ಗುಣವಿದೆ. ಸುಮ್ಮನೆ ಉದ್ದವಾಗುವ ವಾಕ್ಯ ಅಲ್ಲಿ ಹುಟ್ಟುವುದಿಲ್ಲ. ನನ್ನ ಮುನ್ನುಡಿಯ ಪ್ರಾಧ್ಯಾಪಕರು ಮೊಬೈಲಿನ ಕೀಲಿಮಣೆಗೆ ಹೆದರಿ ಓಡಿಹೋದರು.

ಚೀಟಿಗೆ ಒಗ್ಗುವ ವಿಷಯಗಳು ತಾವೇ ಮುಂದೆ ಬರುತ್ತಿದ್ದವು. ಪೋರುಮಾಮಿಳ್ಳ ಶಾಸನದ ಭಾಗ ಬರೆದ ದಿನಗಳು ನನಗೆ ಬಹಳ ಇಷ್ಟ. ಈ ಊರು ಇರುವುದು ಆಂಧ್ರದ ಕಡಪ ಸೀಮೆಯಲ್ಲಿ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಅಲ್ಲಿ ಕೆರೆ ಕಟ್ಟಿಸಿ 1369ರಲ್ಲಿ ಹಾಕಿಸಿದ ಸಂಸ್ಕೃತ ಶಾಸನ ಅದು. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನೂ ಕೆರೆಗೆ ಬರಬಾರದ ಆರು ದೋಷಗಳನ್ನೂ ಅದರಲ್ಲಿ ಎಣಿಸಿ ಹೇಳಿದೆ. ಏರಿಯಲ್ಲಿ ನೀರು ಜಿನುಗುವುದು, ಚೌಳು ನೆಲ, ಎರಡು ರಾಜ್ಯಗಳ ಗಡಿಯಲ್ಲಿರುವುದು, ಅಂಗಳದ ನಡುವೆ ಆಮೆಯ ಬೆನ್ನಿನಂತೆ ದಿಬ್ಬ ಎದ್ದಿರುವುದು, ನೀರು ಕಡಿಮೆಯಿದ್ದು ಅಚ್ಚುಕಟ್ಟು ದೊಡ್ಡದಿರುವುದು, ನೀರು ಹೆಚ್ಚಿದ್ದು ಅಚ್ಚುಕಟ್ಟು ಚಿಕ್ಕದಿರುವುದು. ದಿನಕ್ಕೊಂದು ದೋಷದಂತೆ ಬರೆದೆ. ಪ್ರತಿಯೊಂದಕ್ಕೂ ನಮ್ಮ ತಾಲ್ಲೂಕಿನಿಂದ ಒಂದು ಕೆರೆ ಹುಡುಕುವುದು ಆಟವಾಯಿತು. ಎರಡು ರಾಜ್ಯಗಳ ಗಡಿ ಎಲ್ಲಿಂದ ತರಲಿ ಎಂದು ಯೋಚಿಸುತ್ತಿದ್ದಾಗ, ಏರಿ ಒಂದು ಗ್ರಾಮ ಪಂಚಾಯಿತಿಯಲ್ಲೂ ಗದ್ದೆಗಳು ಇನ್ನೊಂದರಲ್ಲೂ ಇರುವ ಕೆರೆ ನೆನಪಾಯಿತು. ಅದರ ತೂಬು ರಿಪೇರಿಗೆ ಇವರು ಅವರನ್ನು ತೋರಿಸುತ್ತಾರೆ, ಅವರು ಇವರನ್ನು. ಆರು ಮುಗಿದ ಮೇಲೆ ಏಳನೆಯ ದೋಷವನ್ನು ನಾನೇ ಸೇರಿಸಿದೆ: ಕೆರೆ ಹೆದ್ದಾರಿಗೆ ಹತ್ತಿರವಿರುವುದು. ಆ ಶಾಸನದ ಪ್ರಕಾರ ದಿನವೂ ಸಾವಿರ ಆಳು, ನೂರು ಗಾಡಿ, ಎರಡು ವರ್ಷ ಕೆಲಸ ನಡೆದು ಕೆರೆ ಮುಗಿಯಿತು. ನಿತ್ಯದ ದುಡಿಮೆಗೆ ಇದನ್ನು ಉದಾಹರಣೆ ಕೊಟ್ಟು ಮಾತನಾಡಬೇಕೆಂದು ನನಗೂ ಆಸೆಯಾಗಿತ್ತು. ಆದರೆ ನನ್ನ ಬಳಿ ಇದ್ದದ್ದು ಒಂದು ಹೆಬ್ಬೆರಳು.

ರೈಲಿನಲ್ಲಿ ಆಗದ ಕೆಲಸವೂ ಇತ್ತು. ಶಾಸನ ಓದುವುದು ಅಂಥದ್ದು. ನಮ್ಮ ಕಡೆಯ ಶಾಸನಗಳೆಲ್ಲ ಬಿ.ಎಲ್. ರೈಸ್ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟದಲ್ಲಿವೆ, ಅದು 1905ರದು. ಇಂದಿನ ಚಿಕ್ಕಬಳ್ಳಾಪುರ ಜಿಲ್ಲೆ ಕೋಲಾರದಿಂದ ಬೇರೆಯಾದದ್ದು 2007ರಲ್ಲಿ, ಹಾಗಾಗಿ ಎರಡೂ ಜಿಲ್ಲೆಗಳ ಕಲ್ಲುಗಳು ಆ ಒಂದೇ ಸಂಪುಟದಲ್ಲಿ. ಅದರಲ್ಲಿ ಬಂಗಾರಪೇಟೆ ಹುಡುಕಿದರೆ ಸಿಗುವುದಿಲ್ಲ. ಆಗಿನ ಹೆಸರು ಬೌರಿಂಗ್‌ಪೇಟೆ, ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಅವರ ಹೆಸರು. ಕೆರೆ ಕಟ್ಟಿಸಿದವರಿಗೆ, ಒಡೆದ ಏರಿ ಸರಿಪಡಿಸಿದವರಿಗೆ ಕೊಟ್ಟ ಕಟ್ಟುಕೊಡಗೆ, ಬಿತ್ತುವಟ್ಟ, ದಸವಂದ ಎಂಬ ಮಾನ್ಯದ ಭೂಮಿಗಳ ವಿವರ ಆ ಕಲ್ಲುಗಳಲ್ಲಿದೆ. ಅಚ್ಚಾದ ಪಾಠವನ್ನು ಎದುರಿಗಿಟ್ಟುಕೊಂಡು, ನಾನು ತೆಗೆದ ಫೋಟೊ ದೊಡ್ಡದು ಮಾಡಿ, ಸವೆದ ಅಕ್ಷರ ಹೊಂದಿಸಿ ನೋಡುವುದಕ್ಕೆ ಒಂದೇ ಸಮನೆ ಮೂರು ನಾಲ್ಕು ಗಂಟೆ ಬೇಕು. ನಡುವೆ ಎದ್ದರೆ ಮತ್ತೆ ಮೊದಲಿನಿಂದ. ಇದನ್ನು ಮುಕ್ಕಾಲು ಗಂಟೆಗೆ ಕತ್ತರಿಸುವುದು ಸಾಧ್ಯವಿಲ್ಲ. ತಿಂಗಳಿಗೊಂದು ಭಾನುವಾರ ಅಕ್ಕನ ಮನೆಯ ಮಹಡಿಗೆ ಹೋಗಿ ಕೂರುತ್ತಿದ್ದೆ. ಅಕ್ಕ ಊಟ ಕಳಿಸುತ್ತಿದ್ದಳು, ಮಾತನಾಡಿಸುತ್ತಿರಲಿಲ್ಲ. ಅಂಥ ಅಕ್ಕಂದಿರು ಎಲ್ಲರಿಗೂ ಇರುವುದಿಲ್ಲ ಎಂಬುದು ನನಗೆ ಗೊತ್ತು.

ಈ ಮಾತಿಗೆ ಆಂಥನಿ ಟ್ರಾಲಪ್ ನೆನಪಾಗುತ್ತಾನೆ. ಹೊತ್ತು ನಿಗದಿ ಮಾಡಿಕೊಂಡು ಬರೆದವರ ಪ್ರಸ್ತಾಪ ಬಂದಾಗಲೆಲ್ಲ ಈ ಇಂಗ್ಲಿಷ್ ಕಾದಂಬರಿಕಾರನ ಹೆಸರು ಬರುತ್ತದೆ. ಅಂಚೆ ಇಲಾಖೆಯಲ್ಲಿ ನೌಕರಿ ಮಾಡುತ್ತಲೇ ರಾಶಿ ರಾಶಿ ಕಾದಂಬರಿ ಬರೆದವನು. ಬೆಳಿಗ್ಗೆ ಐದೂವರೆಗೆ ಮೇಜಿನ ಮುಂದೆ ಕುಳಿತು, ಗಡಿಯಾರ ಎದುರಿಗಿಟ್ಟುಕೊಂಡು, ಕಾಲು ಗಂಟೆಗೆ 250 ಪದ ಬರೆಯುತ್ತಿದ್ದೆ ಎಂದು 1883ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ನನಗೆ ಅವನು ಹತ್ತಿರವಾದದ್ದು ಇನ್ನೊಂದು ಸಂಗತಿಯಿಂದ. ಇಲಾಖೆಯ ಕೆಲಸಕ್ಕೆ ಅವನು ಸದಾ ರೈಲಿನಲ್ಲಿ ತಿರುಗಬೇಕಾಗಿತ್ತು. ತೊಡೆಯ ಮೇಲಿಟ್ಟುಕೊಳ್ಳಲು ಒಂದು ಹಲಗೆ ಮಾಡಿಕೊಂಡು, ಪೆನ್ಸಿಲಿನಲ್ಲಿ ಬರೆದು, ಹೆಸರಾಂತ ಕಾದಂಬರಿಯೊಂದರ ಬಹುಭಾಗವನ್ನು ರೈಲಿನಲ್ಲೇ ಮುಗಿಸಿದ. ಹಾಗೆ ಬರೆದದ್ದನ್ನು ಆಮೇಲೆ ಹೆಂಡತಿ ಶುದ್ಧಪ್ರತಿ ಮಾಡುತ್ತಿದ್ದಳು. ಬೆಳಿಗ್ಗೆ ಎಬ್ಬಿಸಿ ಕಾಫಿ ಕೊಡಲು ಒಬ್ಬ ಸೇವಕನಿದ್ದ. ಆ ಕೆಲಸಕ್ಕೆ ಅವನಿಗೆ ವರ್ಷಕ್ಕೆ ಐದು ಪೌಂಡ್ ಹೆಚ್ಚು ಸಂಬಳ. ನನಗೆ ಸೇವಕನೂ ಇಲ್ಲ, ಹೆಂಡತಿಯೂ ಇಲ್ಲ. ಟ್ರಾಲಪ್‌ನ ಶಿಸ್ತನ್ನು ಕೊಂಡಾಡುವವರು ಈ ಇಬ್ಬರನ್ನು ಬಿಟ್ಟು ಕಥೆ ಹೇಳುತ್ತಾರೆ.

ರಾಬರ್ಟ್ ಬಾಯ್ಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಕಾಲೇಜು ಅಧ್ಯಾಪಕರ ಬರವಣಿಗೆಯನ್ನು 1980ರ ದಶಕದಲ್ಲಿ ಪರೀಕ್ಷಿಸಿ ನೋಡಿದ್ದ. ಮನಸ್ಸು ಬಂದಾಗ ಬರೆದವರಿಗಿಂತ, ಮನಸ್ಸಿರಲಿ ಇಲ್ಲದಿರಲಿ ಗೊತ್ತಾದ ಹೊತ್ತಿಗೆ ಬರೆದವರು ಹೆಚ್ಚು ಪುಟ ಬರೆದರು ಎಂಬುದರಲ್ಲಿ ಅಚ್ಚರಿಯಿಲ್ಲ. ಅವರಿಗೆ ಹೊಸ ಹೊಳಹುಗಳೂ ಹೆಚ್ಚು ಬಂದವು ಎಂಬುದು ನನ್ನ ಅನುಭವಕ್ಕೆ ತಾಳೆಯಾಗುತ್ತದೆ. ನಿತ್ಯ ಬರೆಯುತ್ತಿರುವಾಗ ಕಣ್ಣೇ ಬೇರೆಯಾಗುತ್ತದೆ. ವರ್ಷಗಟ್ಟಲೆ ಕಿಟಕಿಯಾಚೆ ನೋಡಿ ದಾಟಿದ್ದ ಒಂದು ಏರಿಯ ಮೇಲೆ ಹುಣಸೆ ಮರಗಳ ಸಾಲು ಒಂದೇ ಬದಿಗಿದೆ ಎಂಬುದು ಆ ದಿನಗಳಲ್ಲಿ ಕಾಣಿಸಿತು. ಏಕೆ ಎಂದು ಕೇಳಿಕೊಂಡು ಹೋದಾಗ ಇನ್ನೊಂದು ಚೀಟಿ ಹುಟ್ಟಿತು.

ತಪ್ಪಿದ ದಿನಗಳ ಬಗ್ಗೆ ಜನ ಬಹಳ ಕೇಳುತ್ತಾರೆ. ತಪ್ಪುತ್ತಿದ್ದವು. ನಿಂತೇ ಹೋಗಬೇಕಾದ ದಿನಗಳು, ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆ, ಮಾವನವರ ಆಸ್ಪತ್ರೆ, ಮಾರ್ಚ್ ತಿಂಗಳ ಲೆಕ್ಕಪತ್ರ. ಬರೆದ ದಿನಕ್ಕೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಸಾಲು ತಪ್ಪದಂತೆ ನೋಡಿಕೊಳ್ಳಿ ಎಂಬ ಸಲಹೆ ನನಗೆ ಒಗ್ಗಲಿಲ್ಲ. ಖಾಲಿ ಚೌಕ ಕಂಡರೆ ಅತ್ತೆಯ ಮುಖ ಕಂಡಂತಾಗುತ್ತದೆ. ಅದಕ್ಕಿಂತ, ಬಿಟ್ಟು ಬಂದ ಮೇಲೆ ಮತ್ತೆ ಹತ್ತಿಕೊಳ್ಳುವ ದಾರಿ ಸುಲಭವಿರಬೇಕು. ವಾರಗಟ್ಟಲೆ ನಿಂತಿದ್ದರೆ ನಾನು ಬರವಣಿಗೆಯನ್ನೇ ಮುಟ್ಟುತ್ತಿರಲಿಲ್ಲ. ಮೊದಲೆರಡು ದಿನ ಬರೀ ನಕಲು: ನೀರುಗಂಟಿ ತಾತ ಹೇಳಿದ್ದನ್ನು ಟಿಪ್ಪಣಿಯಿಂದ ಫೋನಿಗೆ ಇಳಿಸುವುದು. ನಮ್ಮ ಕಡೆ ಅರ್ಧ ಮಾತು ತೆಲುಗು. ತಾತನ ತೆಲುಗನ್ನು ಕನ್ನಡಕ್ಕೆ ಇಳಿಸುತ್ತಾ ಇಳಿಸುತ್ತಾ ಅವನು ಮಾತು ಎಲ್ಲಿ ತೇಲಿಸಿದ, ಎಲ್ಲಿ ನಕ್ಕ ಎಂಬುದೆಲ್ಲ ಮರಳಿ ಬರುತ್ತಿತ್ತು. ಮೂರನೆಯ ದಿನಕ್ಕೆ ಸ್ವಂತ ವಾಕ್ಯ ಬಂದೇ ಬರುತ್ತಿತ್ತು.

ಎಲ್ಲಕ್ಕಿಂತ ಕಷ್ಟವಾದದ್ದು ಕೆ.ಸಿ. ವ್ಯಾಲಿಯ ಅಧ್ಯಾಯ. ಬೆಂಗಳೂರಿನ ಕೋರಮಂಗಲ ಮತ್ತು ಚಲ್ಲಘಟ್ಟ ಕಣಿವೆಗಳ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಯೋಜನೆ ಅದು. 2018ರಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ನೀರು ಬಂತು, ಅಲ್ಲಿಂದ ಸಾಲು ಹಿಡಿದು ಕೆಳಗಿನವುಗಳಿಗೆ. ನೀರು ಕಾಣದೆ ಬಿರುಕು ಬಿಟ್ಟಿದ್ದ ಅಂಗಳಗಳಲ್ಲಿ ಅಲೆ ಎದ್ದಿತು, ಬತ್ತಿದ ಕೊಳವೆಬಾವಿಗಳಲ್ಲಿ ನೀರು ಮೇಲೆ ಬಂತು ಎಂದು ರೈತರು ಹೇಳಿದರು. ಸಂಸ್ಕರಣೆ ಎರಡನೆಯ ಹಂತಕ್ಕೇ ನಿಂತಿದೆ, ಮೂರನೆಯ ಹಂತದವರೆಗೂ ಆಗಲೇಬೇಕು, ಅಂತರ್ಜಲದ ಗತಿಯೇನು ಎಂದು ಹೋರಾಟಗಾರರು ಪಟ್ಟು ಹಿಡಿದರು. ಎರಡೂ ಕಡೆಯವರು ನನ್ನವರೇ. ಸೋಮವಾರ ಬರೆದ ಪುಟದಲ್ಲಿ ಸಿಟ್ಟು. ಬುಧವಾರ, ಕೆರೆ ತುಂಬಿದ ಊರಿನಲ್ಲಿ ಮತ್ತೆ ರಾಗಿಯ ಪಕ್ಕ ಟೊಮೆಟೊ ಹಾಕಿದ ಚಿಕ್ಕಮ್ಮನ ಫೋನು ಬಂದ ಮೇಲೆ ಬರೆದ ಪುಟದಲ್ಲಿ ಸಂತೋಷ. ಶುಕ್ರವಾರದ ಪುಟದಲ್ಲಿ ಇಬ್ಬರನ್ನೂ ಒಪ್ಪಿಸುವ ಸಪ್ಪೆ ಮಾತು. ಒಂದೇ ಸಲ ಕುಳಿತು ಬರೆದಿದ್ದರೆ ಆ ದಿನದ ಮನಸ್ಸೇ ಅಧ್ಯಾಯದ ಅಭಿಪ್ರಾಯವಾಗಿಬಿಡುತ್ತಿತ್ತು, ನನಗೆ ತಿಳಿಯುತ್ತಲೂ ಇರಲಿಲ್ಲ. ಚೂರು ಚೂರಾಗಿ ಬರೆದದ್ದರಿಂದ ನನ್ನ ಚಂಚಲತೆ ದಿನಾಂಕ ಸಮೇತ ಕಣ್ಣೆದುರಿಗೆ ಬಂದು ನಿಂತಿತು. ಕೊನೆಗೆ ಆ ಅಧ್ಯಾಯದ ಚೀಟಿಗಳಿಂದ ನನ್ನ ಅಭಿಪ್ರಾಯ ಕೇಳುವ ಪ್ರಶ್ನೆಗಳನ್ನೆಲ್ಲ ತೆಗೆದುಹಾಕಿದೆ. ಯಾರು ಏನು ಹೇಳಿದರು, ನೀರು ಯಾವ ಕೆರೆಯಿಂದ ಯಾವ ಕೆರೆಗೆ ಹೋಯಿತು, ಯಾವ ಕಾಲುವೆಯ ಜಾಲಿ ಕಡಿದರು, ಮೀನಿನ ಹರಾಜು ಯಾರಿಗಾಯಿತು, ಇಷ್ಟನ್ನೇ ಬರೆದೆ. ಬೆಂಗಳೂರಿನಿಂದ ಬರುವುದು ಎರಡನೆಯ ಹಂತದ ನೀರಾದರೆ ಕೋಲಾರದವರ ಪ್ರಾಣವೂ ಎರಡನೆಯ ದರ್ಜೆಯದೇ ಎಂಬ ನನ್ನ ಸಿಟ್ಟು ಕಡೆಯ ಪುಟದಲ್ಲಿ ಉಳಿಯಿತು. ಚಿಕ್ಕಮ್ಮನ ಟೊಮೆಟೊ ಕೂಡ ಉಳಿಯಿತು.

ಎರಡನೆಯ ಮಳೆಗಾಲ ಕಳೆಯುವ ಹೊತ್ತಿಗೆ ಫೋನಿನಲ್ಲಿ ತುಣುಕುಗಳು ಧಾರಾಳವಾಗಿ ಸೇರಿದ್ದವು. ಅವೆಲ್ಲವನ್ನೂ ಮುದ್ರಿಸಿ ಓದಿದಾಗ ಎದೆ ಧಸಕ್ಕೆಂದಿತು. ನೀರುಗಂಟಿ ಎಂದರೆ ಯಾರು ಎಂದು ಐದಾರು ಕಡೆ ವಿವರಿಸಿದ್ದೆ. ಒಂದು ಕಡೆ ಒಡೆದುಹೋಗಿದ್ದ ಏರಿ ಇನ್ನೊಂದು ಕಡೆ ಗಟ್ಟಿಯಾಗಿ ನಿಂತಿತ್ತು. ತುಣುಕುಗಳಲ್ಲಿ ಬಹುಪಾಲು ‘ಈ ಕೆರೆ’ ಎಂದೇ ಶುರುವಾಗುತ್ತಿದ್ದವು. ಯಾವ ಕೆರೆ? ಸಣ್ಣ ಹೊತ್ತಿನಲ್ಲಿ ಬರೆದದ್ದಕ್ಕೆ ಸಣ್ಣ ನೆನಪು. ನಿನ್ನೆಯದು ಗೊತ್ತು, ಕಳೆದ ಯುಗಾದಿಯದು ಗೊತ್ತಿಲ್ಲ. ಇದನ್ನು ರೈಲಿನಲ್ಲಿ ಸರಿಮಾಡಲು ಸಾಧ್ಯವೇ ಇರಲಿಲ್ಲ. ಫೋನಿನ ಸಣ್ಣ ಪರದೆಯಲ್ಲಿ ಒಂದು ತುಣುಕು ಕಂಡರೆ ಇನ್ನೊಂದು ಕಾಣುವುದಿಲ್ಲ.

ಮತ್ತೆ ಅಕ್ಕನ ಮಹಡಿ. ಈ ಸಲ ಎರಡು ದಿನ, ರಾತ್ರಿಯೂ ಸೇರಿ. ಕಾಗದಗಳನ್ನು ನೆಲದ ಮೇಲೆ ಹರಡಿ ಮೊದಲು ವಿಷಯದ ಪ್ರಕಾರ ಜೋಡಿಸಿದೆ: ಕಟ್ಟಡ ಒಂದು ಕಡೆ, ನೀರು ಹಂಚಿಕೆ ಒಂದು ಕಡೆ, ಪೂಜೆ ಒಂದು ಕಡೆ. ಜೀವವಿರಲಿಲ್ಲ. ಕಾಲಾನುಕ್ರಮದಲ್ಲಿ ಜೋಡಿಸಿದೆ, ನೊಳಂಬರಿಂದ ವಿಜಯನಗರದವರೆಗೆ ಶಾಸನಗಳೇ ತುಂಬಿ, ಮನುಷ್ಯರು ಕಾಣಿಸಿಕೊಳ್ಳುವ ಹೊತ್ತಿಗೆ ಓದುಗರು ಎದ್ದು ಹೋಗಿರುತ್ತಿದ್ದರು. ಎರಡನೆಯ ದಿನ ಮಧ್ಯಾಹ್ನ ಊಟದ ತಟ್ಟೆ ಇಡಲು ಜಾಗ ಹುಡುಕುತ್ತಾ ಅಕ್ಕ ಕೇಳಿದಳು, “ಯಾವ ಕೆರೆ ಆದ ಮೇಲೆ ಯಾವ ಕೆರೆ ಬರುತ್ತದೆ, ಅದಾದರೂ ಗೊತ್ತಿದೆಯೇ ನಿನಗೆ?” ಗೊತ್ತಿತ್ತು. ಅದೊಂದೇ ಸರಿಯಾಗಿ ಗೊತ್ತಿದ್ದದ್ದು. ಮೇಲಿನ ಕೆರೆಯಿಂದ ಶುರುಮಾಡಿ, ನೀರು ಹರಿಯುವ ದಾರಿಯಲ್ಲೇ ತುಣುಕುಗಳನ್ನು ಇಟ್ಟುಕೊಂಡು ಹೋದೆ. ನೀರುಗಂಟಿಯ ವಿವರಣೆ ಮೊದಲ ತೂಬಿನ ಹತ್ತಿರ ಒಮ್ಮೆ ಬಂದರೆ ಸಾಕಾಯಿತು. ಪೋರುಮಾಮಿಳ್ಳದ ಆರು ದೋಷಗಳು ಒಟ್ಟಿಗಿರುವ ಬದಲು ಆಯಾ ಕೆರೆಗಳಿಗೆ ಹಂಚಿಹೋದವು. ಎರಡು ಪಂಚಾಯಿತಿಗಳ ಕೆರೆ ಪುಸ್ತಕದ ನಟ್ಟನಡುವೆ ಬಂದು ಕುಳಿತಿತು, ಅಲ್ಲಿ ಪುಸ್ತಕವೂ ಸ್ವಲ್ಪ ತಡೆದು ನಿಲ್ಲುತ್ತದೆ. ಮೂರರಲ್ಲೊಂದು ಪಾಲು ಬಿಟ್ಟುಬಿಡಬೇಕಾಯಿತು. ಹೊಟ್ಟೆ ಉರಿಯಲಿಲ್ಲ. ಒಂದೊಂದು ತುಣುಕಿಗೆ ನಾನು ಕೊಟ್ಟದ್ದು ಒಂದು ಬೆಳಗಿನ ಪಯಣವಷ್ಟೇ, ಹೇಗೂ ಹೋಗಬೇಕಾಗಿದ್ದ ಪಯಣ.

ಜೋಡಣೆಯಾದ ಮೇಲೆ ಮತ್ತೆ ರೈಲು. ಒಂದು ಕೆರೆಯಿಂದ ಮುಂದಿನ ಕೆರೆಗೆ ಹೋಗುವ ಕೊಂಡಿಯ ಪ್ಯಾರಾಗಳನ್ನು ಬರೆಯುವುದು, ನಕ್ಷತ್ರ ಹಾಕಿದ ಕಡೆ ಇಸವಿ, ಅಳತೆ ತುಂಬುವುದು. ಇದು ಬೇಗ ಮುಗಿಯಿತು. ನಕ್ಷತ್ರಗಳ ಪಟ್ಟಿ ಮಾಡಿಕೊಂಡು ದಿನಕ್ಕೆ ಕೆಲವನ್ನು ಆರಿಸುವುದು ಚೀಟಿಗಿಂತಲೂ ಹಗುರ. ಆ ಹೊತ್ತಿಗೆ ಮಾಲೂರಿನಲ್ಲಿ ಹತ್ತುವ ಅಕ್ಕ ಒಬ್ಬರಿಗೆ ನಾನು ಬರೆಯುವುದೇನು ಎಂಬುದು ಗೊತ್ತಾಗಿಬಿಟ್ಟಿತ್ತು. ಅವರ ತವರಿನ ಕೆರೆಯೂ ನನ್ನ ಸಾಲಿನಲ್ಲೇ ಇತ್ತು. “ನಮ್ಮೂರಿಗೆ ಬಂದಿರಾ ಮೇಡಂ?” ಎಂದು ದಿನಾ ಕೇಳುತ್ತಿದ್ದರು. ಅವರ ಊರಿನ ಪುಟಗಳನ್ನು ಅವರಿಗೇ ಓದಿ ಹೇಳಿದೆ. ತೂಬಿನ ಮೇಲಿನ ಕಲ್ಲುಕಂಬಗಳು ಎರಡಲ್ಲ, ನಾಲ್ಕು, ಎರಡು ಹೂಳಿನಲ್ಲಿ ಹೂತುಹೋಗಿವೆ ಎಂದು ತಿದ್ದಿದರು.

ಡಿಟಿಪಿಯವರ ಹತ್ತಿರ ಹೋದ ಮೇಲೆ ಬೇರೆಯೇ ಸಂಕಟ. ಫೋನಿನಲ್ಲಿ ಬರೆದದ್ದು ಯೂನಿಕೋಡ್, ಅವರು ಪುಟ ಕಟ್ಟುವುದು ‘ನುಡಿ’ ತಂತ್ರಾಂಶದಲ್ಲಿ. ಪರಿವರ್ತಿಸುವಾಗ ಅರ್ಕಾವತ್ತುಗಳು ಅಲ್ಲಲ್ಲಿ ಪಕ್ಕದ ಅಕ್ಷರದ ಮೇಲೆ ಹಾರಿ ಕುಳಿತಿದ್ದವು, ಅಂಕಿಗಳು ಕೆಲವೆಡೆ ಚಿಹ್ನೆಗಳಾಗಿದ್ದವು. ಕರಡು ತಿದ್ದುವುದನ್ನು ಕೂಡ ರೈಲಿನಲ್ಲಿ ಮಾಡಿ ನೋಡಿದೆ. ಬೋಗಿಯ ಕುಲುಕಾಟದಲ್ಲಿ ಕೆಂಪು ಪೆನ್ನು ಹಾಕಿದ ಗುರುತು ಯಾವ ಸಾಲಿಗೆ ಎಂಬುದು ಡಿಟಿಪಿಯ ಹುಡುಗನಿಗೆ ತಿಳಿಯಲಿಲ್ಲ, ಸಂಜೆ ನೋಡಿದರೆ ನನಗೂ ತಿಳಿಯಲಿಲ್ಲ. ಅದನ್ನು ಮನೆಯಲ್ಲಿ, ರಾತ್ರಿ ಹತ್ತರ ಮೇಲೆ, ಮಗಳನ್ನು ಎದುರಿಗೆ ಕೂರಿಸಿಕೊಂಡು ಅವಳು ಗಟ್ಟಿಯಾಗಿ ಓದುತ್ತಾ ನಾನು ನೋಡುತ್ತಾ ಮುಗಿಸಿದ್ದಾಯಿತು. ಅವಳು ಕೇಳಿದ ಕೂಲಿ ಇಲ್ಲಿ ಬರೆಯುವಂಥದ್ದಲ್ಲ.

ಈಗ ರೈಲಿನಲ್ಲಿ ಪದಸೂಚಿ ಮಾಡುತ್ತಿದ್ದೇನೆ. ಚೂರು ಹೊತ್ತಿಗೆ ಇದಕ್ಕಿಂತ ಹೊಂದುವ ಕೆಲಸ ಇನ್ನೊಂದಿಲ್ಲ: ಒಂದು ಪದ, ಅದರ ಪುಟಗಳು, ಮುಂದಿನ ಪದ. ಸ್ವರಗಳೆಲ್ಲ ಒ ಔ ಸಮೇತ ಸರಸರನೆ ಮುಗಿದವು, ಏರಿಯೊಂದು ಸ್ವಲ್ಪ ಸತಾಯಿಸಿತು. ಆಮೇಲೆ ಕಕಾರ ಶುರುವಾಗಿದೆ. ಕಟ್ಟುಕೊಡಗೆ, ಕಟ್ಟೆ, ಕಣ, ಕಲ್ಲು ಕಟ್ಟಣೆ, ಕಾಲುವೆ, ಕೆರೆ, ಕೆ.ಸಿ. ವ್ಯಾಲಿ, ಕೊಳವೆಬಾವಿ, ಕೋಡಿ, ಕೋಲಾರ. ‘ಕೆರೆ’ ಎಂಬ ಪದಕ್ಕೆ ಪುಟಸಂಖ್ಯೆ ಕೊಡಲೇಬೇಕೇ ಎಂದು ಪ್ರಕಾಶಕರನ್ನು ಕೇಳಿದ್ದೇನೆ. ಉತ್ತರ ಬಂದಿಲ್ಲ.